ಶನಿವಾರದ ಮಾಂಟ್‌ಫೋರ್ಟ್ ಕೋಟೆ ಪ್ರವಾಸ: ಸೂಚನೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಉತ್ತರ ಇಸ್ರೇಲಿನಲ್ಲಿರುವ ಈ ಹಳೇ ಪಾಳುಕೋಟೆ ನೋಡಲು ಹೋಗುತ್ತಿದ್ದೇವೆ.

ಹೈಫಾದಿಂದ ಬರುವವರ ಗಮನಕ್ಕೆ: ವ್ಯಾನ್ ಬೆಳಿಗ್ಗೆ 7ಕ್ಕೇ ಹೊರಡುತ್ತದೆ, 8ಕ್ಕಲ್ಲ. ಶನಿವಾರ ಶಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ; ಆವತ್ತು ಆ ಕಡೆ ಬಸ್ ಸಿಗುವುದಿಲ್ಲ, ತಪ್ಪಿಸಿಕೊಂಡರೆ ಕಷ್ಟ.

"ಹಾಳು ಕಲ್ಲು ನೋಡೋಕೆ ಇಷ್ಟು ದೂರನಾ?" ಅಂತ ಕೇಳಿದವರಿಗೆ ಸ್ವಲ್ಪ ಹಿನ್ನೆಲೆ. 1220ರಲ್ಲಿ ಟ್ಯೂಟಾನಿಕ್ ಪಂಗಡ ಎಂಬ ಕ್ರೈಸ್ತ ಧಾರ್ಮಿಕ ಸೇನಾಪಂಗಡದ ಜರ್ಮನ್ ಯೋಧರು ಈ ಜಾಗ ಕೊಂಡರು. ಆಮೇಲೆ ಕೋಟೆ ಕಟ್ಟಿ, ತಮ್ಮ ಖಜಾನೆ, ಕಾಗದಪತ್ರ ಎಲ್ಲ ಇಲ್ಲಿಟ್ಟರು. 1266ರಲ್ಲಿ ಈಜಿಪ್ಟ್ ಆಳುತ್ತಿದ್ದ ಮಾಮ್ಲೂಕರ ಮುತ್ತಿಗೆಗೆ ಕೋಟೆ ಬಗ್ಗಲಿಲ್ಲ. 1271ರಲ್ಲಿ ಅವರ ಸುಲ್ತಾನ್ ಬೈಬರ್ಸ್ ಗೆದ್ದ. ಒಳಗಿದ್ದವರನ್ನು ಜೀವಸಹಿತ ಕರಾವಳಿಯ ಅಕ್ಕೋ ಪಟ್ಟಣಕ್ಕೆ ಹೋಗಲು ಬಿಟ್ಟು, ಕೋಟೆ ಕೆಡವಿಸಿದ. ಮತ್ತೆ ಯಾರೂ ಕಟ್ಟಲಿಲ್ಲ. 1926ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವರು ಅಗೆದಾಗ ಬಣ್ಣದ ಗಾಜಿನ ಚೂರುಗಳೂ ಸಿಕ್ಕವು. ಯುದ್ಧದ ಕೋಟೆಗೆ ಬಣ್ಣದ ಕಿಟಕಿ! ನನಗಂತೂ ಅದೇ ಜಾಸ್ತಿ ಇಷ್ಟವಾದ ವಿಷಯ.

ಕೋಟೆ ಇರುವುದು ಕ್ಝೀವ್ ಹಳ್ಳದ ಮೇಲಿನ ಕಡಿದಾದ ಗುಡ್ಡದಲ್ಲಿ. ನಡೆದೇ ಹೋಗಬೇಕು. ಚಪ್ಪಲಿ ಬೇಡ, ಶೂ ಹಾಕಿ. ತಲಾ 2 ಲೀಟರ್ ನೀರು, ಟೋಪಿ ತನ್ನಿ. ಗೋಡೆ ಹತ್ತಿ ಸೆಲ್ಫಿ ತೆಗೆಯಬೇಡಿ, ಕಲ್ಲುಗಳು ಸಡಿಲವಾಗಿವೆ. ಮಂಡಿನೋವು ಇರುವವರು ಗೋರೆನ್ ಪಾರ್ಕಿನಿಂದಲೇ ನೋಡಬಹುದು, ಅಲ್ಲಿಂದ ಎದುರಿಗೇ ಕಾಣುತ್ತದೆ.

ಬರುವವರು ಗುರುವಾರ ರಾತ್ರಿಯೊಳಗೆ ಹೆಸರು ಹಾಕಿ. ಚಿತ್ರಾನ್ನ ಯಾರು ತರುತ್ತೀರಿ ಅಂತಲೂ ತಿಳಿಸಿ. ಸುಮ್ನೆ ಥಂಬ್ಸ್ ಅಪ್ ಒತ್ತಿದರೆ ಲೆಕ್ಕಕ್ಕಿಲ್ಲ!