ಗ್ರಹ ಹುಟ್ಟಿದ ಕತೆ ಎರಡು ವರ್ಷದಲ್ಲಿ ಮುಗಿಯಲ್ಲ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಹೊತ್ತಿಗೆ ನೀವು ತಂದ ಶಿಕ್ಷಣ ಪುರವಣಿಯಲ್ಲಿ ಮೂಲ ವಿಜ್ಞಾನಕ್ಕೆ ಸಿಕ್ಕಿದ್ದು ಒಂದು ಸಣ್ಣ ಚೌಕ. ‘ಆಸಕ್ತಿ ಇದ್ದರೆ ಬಿಎಸ್‌ಸಿ ಮಾಡಬಹುದು’ ಅಂತ ಅಲ್ಲಿಗೇ ನಿಲ್ಲಿಸಿದ್ದೀರಿ. ಮುಂದೆ ಹೊಟ್ಟೆಪಾಡು ಹೇಗೆ ಅಂತಲೂ ಹೇಳಬೇಕಲ್ವಾ?

ನಾನು ತಿಪಟೂರಿನವಳು. ಭೂಮಿ, ಮಂಗಳದಂಥ ಕಲ್ಲಿನ ಗ್ರಹಗಳು ಹೇಗೆ ಹುಟ್ಟಿದವು ಅನ್ನುವುದನ್ನು ಹುಡುಕುವುದೇ ನನ್ನ ಕೆಲಸ. ಪಿಎಚ್‌.ಡಿ ಮುಗಿಸಿ ಈಗ ಹೊರರಾಜ್ಯದಲ್ಲಿ ಪೋಸ್ಟ್‌ಡಾಕ್, ಅಂದರೆ ಎರಡು ವರ್ಷದ ತಾತ್ಕಾಲಿಕ ಸಂಶೋಧಕಿ ಆಗಿದ್ದೇನೆ.

ನಾನು ದಿನಾ ನೋಡುವುದು ಉಲ್ಕಾಶಿಲೆಯ ತುಣುಕುಗಳನ್ನು. ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಸಿವೆಗಿಂತ ಚಿಕ್ಕ ದುಂಡನೆ ಉಂಡೆಗಳು ಕಾಣುತ್ತವೆ. ಕರಗಿದ ಕಲ್ಲಿನ ಹನಿಗಳು ಬಾಹ್ಯಾಕಾಶದಲ್ಲೇ ಗಟ್ಟಿಯಾಗಿದ್ದು ಇವು. ಭೂಮಿಗಿಂತ ಹಳೆಯವು. 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಅಯೆಂದೆ ಉಲ್ಕೆಯಲ್ಲಿ ಬಿಳಿ ಚುಕ್ಕೆಗಳೂ ಇದ್ದವು. ಇಂಥ ಚುಕ್ಕೆಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಅವುಗಳಲ್ಲಿ ಮೆಗ್ನೀಸಿಯಂ-26 ಜಾಸ್ತಿ ಇರುವುದು 1976ರಲ್ಲಿ ಗೊತ್ತಾಯಿತು. ವಿಕಿರಣ ಸೂಸುವ ಅಲ್ಯೂಮಿನಿಯಂ-26 ಕ್ಷಯಿಸಿದರೆ ಆಗುವುದೇ ಮೆಗ್ನೀಸಿಯಂ-26. ಅಂದರೆ ಒಂದು ಕಾಲಕ್ಕೆ ಅಲ್ಲಿ ಅಲ್ಯೂಮಿನಿಯಂ-26 ಇತ್ತು. ಅದು ಸುಮಾರು 7 ಲಕ್ಷ ವರ್ಷಕ್ಕೆ ಅರ್ಧ ಆಗಿಬಿಡುತ್ತದೆ. ಅದರ ಕಾವಿಗೇ ಮೊದಮೊದಲ ಸಣ್ಣ ಕಾಯಗಳು ಒಳಗೆಲ್ಲ ಕರಗಿ, ಕಬ್ಬಿಣ ನಡುವಿಗೆ ಇಳಿಯಿತು.

ಇದನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ (ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರ) ನಂಬುವ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಹದಕ್ಕೆ ಬಂತು ಅನ್ನುವಷ್ಟರಲ್ಲಿ ನಮ್ಮ ನೇಮಕದ ಅವಧಿ ಮುಗಿಯುತ್ತಾ ಬಂದಿರುತ್ತದೆ. ಮತ್ತೆ ಅರ್ಜಿ, ಮತ್ತೆ ಬೇರೆ ಊರು, ಅಲ್ಲಿ ಬೇರೆ ಯಂತ್ರ.

ಈ ಪ್ರಶ್ನೆಗಳು ಒಂದು ಆಯಸ್ಸನ್ನೇ ಕೇಳುತ್ತವೆ. ಮಾಸ್ಕೋದ ವಿಕ್ಟರ್ ಸಫ್ರೊನೋವ್ ಧೂಳಿನಿಂದ ಗ್ರಹದವರೆಗಿನ ಲೆಕ್ಕವನ್ನು ವರ್ಷಾನುಗಟ್ಟಲೆ ಕೂತು ಹಾಕಿದರು. 1969ರಲ್ಲಿ ರಷ್ಯನ್‌ನಲ್ಲಿ ಬಂದ ಅವರ ಪುಸ್ತಕ 1972ರಲ್ಲಿ ಇಂಗ್ಲಿಷಿಗೆ ಬಂದ ಮೇಲಷ್ಟೇ ಹೊರಗಿನವರು ಅದನ್ನು ಹಿಡಿದುಕೊಂಡಿದ್ದು. ಅಮೆರಿಕದ ಜಾರ್ಜ್ ವೆದರಿಲ್ ಮೊದಲು ಬಂಡೆಗಳ ವಯಸ್ಸು ಅಳೆಯುತ್ತಿದ್ದವರು. ಗ್ರಹಗಳು ಬೆಳೆಯುವ ಪರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಅವರ ಹೆಸರಾಂತ ಕೆಲಸ ಐವತ್ತು ದಾಟಿದ ಮೇಲಿನದು. ಸಂಬಳದ ಚಿಂತೆ ಇಲ್ಲದೆ ಕೂರಲು ಇಬ್ಬರಿಗೂ ಒಂದು ಜಾಗ ಇತ್ತು. ಧೂಳು ಧೂಳಿಗೆ ಅಂಟಿ ಬೆಳೆದು, ಮೀಟರ್ ಗಾತ್ರಕ್ಕೆ ಬಂದಾಗ ಒಡೆದುಹೋಗದೆ, ಸೂರ್ಯನಿಗೆ ಬೀಳದೆ ಹೇಗೆ ಉಳಿಯಿತು ಅನ್ನುವ ಗಂಟು ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ. ಎರಡು ವರ್ಷದ ನೇಮಕದಲ್ಲಿ ಇದಕ್ಕೆ ಕೈ ಹಾಕುವ ಧೈರ್ಯ ಯಾರಿಗಿರುತ್ತದೆ? ಸುಮ್ನೆ ಬೇಗ ಮುಗಿಯುವ ಪೇಪರ್ ಬರೆಯುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ಚಂದ್ರಯಾನ-3 ನೆನಪಿಸುತ್ತೇನೆ. ಪ್ರಗ್ಯಾನ್ ರೋವರ್‌ನಲ್ಲಿ ಮಣ್ಣಿನಲ್ಲಿ ಯಾವ ಧಾತುಗಳಿವೆ ಅಂತ ಅಳೆದ ಎಪಿಎಕ್ಸ್‌ಎಸ್ ಉಪಕರಣ ಮಾಡಿದ್ದು ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್). ಚಂದ್ರನ ಮೇಲ್ಮೈ ಒಂದು ಕಾಲಕ್ಕೆ ಕರಗಿದ ಕಲ್ಲಿನ ಕಡಲಾಗಿತ್ತು ಅನ್ನುವ ಮಾತಿಗೆ ಅದರ ಅಳತೆಗಳು ಬಲ ಕೊಟ್ಟವು. ಹೀಗೆ ಅಳೆದು ಅರ್ಥ ಹೇಳುವವರು ತಯಾರಾಗಲು ಹತ್ತಾರು ವರ್ಷ ಬೇಕು.

ಮುಂದಿನ ಪುರವಣಿಯಲ್ಲಿ ಈ ದಾರಿಗೊಂದು ಪೂರ್ತಿ ಪುಟ ಕೊಡಿ. ಬಿಎಸ್‌ಸಿ ಆದಮೇಲೆ ಎಂಎಸ್‌ಸಿಯಂಥ ಕೋರ್ಸುಗಳ ಪ್ರವೇಶಕ್ಕೆ ಬರೆಯುವ ಜ್ಯಾಮ್ ಪರೀಕ್ಷೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿ, ತಿಂಗಳಿಗೆ 37,000 ರೂಪಾಯಿಯ ಜೆಆರ್‌ಎಫ್ ಸಂಶೋಧನಾ ವೇತನ, ಆಮೇಲಿನ ಪೋಸ್ಟ್‌ಡಾಕ್ ಅಲೆದಾಟ, ಎಲ್ಲವನ್ನೂ ಇದ್ದಹಾಗೆ ಬರೆಯಿರಿ. ಅಲೆದಾಟ ಕಡಿಮೆ ಮಾಡುವ ಐದು ವರ್ಷದ ನೇಮಕಗಳು ಯಾಕೆ ಇಷ್ಟು ಕಡಿಮೆ ಅಂತ ಸರ್ಕಾರವನ್ನೂ ಕೇಳಿ.

– ತಿಪಟೂರಿನ ಒಬ್ಬ ಸಂಶೋಧಕಿ