ಹಳೆಯ ಪಟ್ಟಿಗಳು ತಾಳೆಯಾದವು: ನೆರವಾದವರಿಗೆ ವಂದನೆ

ದಾವಣಗೆರೆ ಎಪಿಎಂಸಿ ಪ್ರಾಂಗಣದ ಕೆಲವು ದಲ್ಲಾಳಿ ಅಂಗಡಿಗಳ ಲೆಕ್ಕದ ತಂತ್ರಾಂಶ ಈಗ ಪೂರ್ತಿಯಾಗಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ ನಡೆಯುತ್ತಿದೆ. ಮೆಕ್ಕೆಜೋಳದ ಆವಕ ಜೋರಾಗುವ ಮೊದಲೇ ಕೆಲಸ ಮುಗಿಯಬೇಕು ಎಂಬುದು ಅಂಗಡಿಯವರ ಒಂದೇ ಷರತ್ತಾಗಿತ್ತು. ಮುಗಿಯಿತು. ಹಿಂದಿನ ವರ್ಷಗಳ ಪಟ್ಟಿಗಳೆಲ್ಲ, ಅಂದರೆ ಮಾಲು ಮಾರಿದ ರೈತನಿಗೆ ಅಂಗಡಿ ಬರೆದುಕೊಡುವ ಲೆಕ್ಕದ ಚೀಟಿಗಳೆಲ್ಲ, ಚೀಲ, ತೂಕ, ದರ, ಹಮಾಲಿ, ಮುಂಗಡದ ಸಮೇತ ಕಾಗದದ ಖಾತೆಯೊಂದಿಗೆ ತಾಳೆಯಾಗಿವೆ. ಈ ಕೆಲಸದ ಬಿಲ್ಲಿನಲ್ಲಿ ನನ್ನ ಹೆಸರೊಂದೇ ಇದೆ, ಆದರೆ ಕೆಲಸಕ್ಕೆ ಕೈಹಾಕಿದವರು ಹಲವರು. ಹೆಸರು ಬರೆಯುವುದು ಬೇಡ ಎಂದು ಅವರಲ್ಲಿ ಹೆಚ್ಚಿನವರು ಹೇಳಿದ್ದಾರೆ. ಅವರ ಮಾತಿಗೆ ಒಪ್ಪಿ ಹೆಸರು ಬಿಟ್ಟಿದ್ದೇನೆ. ಆದರೆ ಯಾರು ಏನು ಮಾಡಿದರು ಎಂಬುದನ್ನು ಬಿಡಲಾರೆ.

ಮೊದಲು ಸಮಸ್ಯೆ ಏನಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಅವರು ಮಾಡಿದ ಉಪಕಾರದ ತೂಕ ತಿಳಿಯುವುದಿಲ್ಲ. ಹಳೆಯ ತಂತ್ರಾಂಶವನ್ನು ಸಿ ಶಾರ್ಪ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆಯಲಾಗಿತ್ತು. ಮಾಹಿತಿಯೆಲ್ಲ ಡಿಬಿಫೋರ್‌ಓ ಎಂಬ ಆಬ್ಜೆಕ್ಟ್ ಡೇಟಾಬೇಸ್‌ನಲ್ಲಿ ಇತ್ತು. ಅದರಲ್ಲಿ ಕೋಷ್ಟಕಗಳಿಲ್ಲ, ಸಾಲುಗಳಿಲ್ಲ. ರೈತ ಒಂದು ಆಬ್ಜೆಕ್ಟ್, ಅಂದರೆ ಮಾಹಿತಿಯ ಒಂದು ಗಂಟು, ಅವನೊಳಗೆ ಪಟ್ಟಿಗಳು, ಪಟ್ಟಿಯೊಳಗೆ ತೂಕದ ಸಾಲುಗಳು, ಅವುಗಳೊಳಗೆ ಕಡಿತಗಳು. ಇಡೀ ಸರಪಳಿಯನ್ನು ಹಾಗೆಯೇ ಎತ್ತಿ ಕಡತದಲ್ಲಿ ಇಡಬಹುದು. ಪ್ರೋಗ್ರಾಂ ಬರೆಯುವವನಿಗೆ ಇದು ಬಹಳ ಸುಲಭ, ಆ ಕಾಲದಲ್ಲಿ ಅದನ್ನು ಆರಿಸಿಕೊಂಡವರನ್ನು ನಾನು ದೂರುವುದಿಲ್ಲ. ಡಿಬಿಫೋರ್‌ಓ 2008ರಲ್ಲಿ ವರ್ಸಂಟ್ ಕಂಪನಿಯ ಪಾಲಾಯಿತು, 2012ರ ಕೊನೆಗೆ ವರ್ಸಂಟ್ ಅನ್ನೇ ಆಕ್ಟಿಯನ್ ಕೊಂಡಿತು, ಆಮೇಲೆ ಅದರ ಬೆಳವಣಿಗೆ ನಿಂತಿತು. ನಮ್ಮ ತಂತ್ರಾಂಶ ಬರೆದ ಸಂಸ್ಥೆಯೂ ಈಗಿಲ್ಲ. ಉಳಿದದ್ದು ಒಂದು ದೊಡ್ಡ ಕಡತ, ಅರೆಬರೆ ಟಿಪ್ಪಣಿಗಳಿರುವ ಮೂಲ ಕೋಡ್, ಮತ್ತು ಅದರೊಳಗೆ ಸಾವಿರಾರು ರೈತರ ಲೆಕ್ಕ.

ಆ ಹೊತ್ತಿನಲ್ಲಿ ಸಲಹೆ ಕೊಟ್ಟವರು ಬಹಳ ಮಂದಿ. ‘ಎಲ್ಲವನ್ನೂ ಹೊಸದಾಗಿ ಬರೆದುಬಿಡಿ, ಹಳೆಯದನ್ನು ಮರೆತುಬಿಡಿ’ ಎಂದವರೇ ಹೆಚ್ಚು. ಮುಂಗಡದ ಬಾಕಿ ಇರುವ ರೈತನಿಗೆ ಹಳೆಯದನ್ನು ಮರೆಯಿರಿ ಎಂದು ಹೇಳಲು ಬರುವುದಿಲ್ಲ. ‘ಕೋಡ್ ತೋರಿಸಿ’ ಎಂದು ಕೇಳಿದವರು ಕೆಲವರೇ. ಈ ಬರಹ ಆ ಕೆಲವರಿಗಾಗಿ.

ಮೊದಲನೆಯವರು ಹರಿಹರದ ಗೆಳೆಯ. ವಾರವೆಲ್ಲ ಬೆಂಗಳೂರಿನಲ್ಲಿ ದುಡಿದು ಶನಿವಾರ ಊರಿಗೆ ಬರುವವನು ಭಾನುವಾರಗಳನ್ನು ನನ್ನ ಕಡತಕ್ಕೆ ಕೊಟ್ಟ. ಹೊರತೆಗೆದ ಮಾಹಿತಿಯಲ್ಲಿ ರೈತರ ಹೆಸರು, ಪಟ್ಟಿಯ ದಿನಾಂಕ ಎಲ್ಲವೂ ಸರಿಯಾಗಿ ಬರುತ್ತಿದ್ದವು, ಹಮಾಲಿ ಮತ್ತು ತೂಕದ ಕೂಲಿ ಮಾತ್ರ ಎಲ್ಲೆಡೆ ಸೊನ್ನೆ. ಕಡತವೇ ಕೆಟ್ಟಿದೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಅವನು ಕಡತವನ್ನು ಮುಟ್ಟಲೇ ಇಲ್ಲ. ‘ಒಬ್ಬ ರೈತ, ಒಂದು ಪಟ್ಟಿ, ಒಂದು ಕಡಿತ. ಇಷ್ಟನ್ನೇ ಹೊಸ ಕಡತದಲ್ಲಿ ಇಟ್ಟು, ಮುಚ್ಚಿ, ಮತ್ತೆ ತೆರೆದು ಓದು. ಆಮೇಲೆ ಮಾತನಾಡೋಣ’ ಎಂದ. ಆ ಪುಟ್ಟ ಪ್ರೋಗ್ರಾಂನಲ್ಲಿ ಹಮಾಲಿ ಸರಿಯಾಗಿ ಬಂತು. ರೈತನ ಮೇಲೆ ಊರು, ಊರಿನ ಮೇಲೆ ಅಂಗಡಿ, ಅಂಗಡಿಯ ಮೇಲೆ ವರ್ಷ ಎಂದು ಒಂದೊಂದೇ ಹಂತ ಸೇರಿಸುತ್ತಾ ಹೋದೆವು. ಒಂದು ಹಂತದಲ್ಲಿ ಹಮಾಲಿ ಸೊನ್ನೆಯಾಯಿತು. ಕಾರಣ ಕಣ್ಣೆದುರಿಗೇ ಇತ್ತು. ಡಿಬಿಫೋರ್‌ಓ ಒಂದು ಆಬ್ಜೆಕ್ಟನ್ನು ಓದುವಾಗ ಅದರ ಕೆಳಗಿನ ಸರಪಳಿಯನ್ನು ಕೊನೆಯವರೆಗೂ ತುಂಬುವುದಿಲ್ಲ. ನಾವು ಬೇರೆ ಹೇಳದಿದ್ದರೆ ಐದು ಹಂತಕ್ಕೆ ನಿಲ್ಲಿಸುತ್ತದೆ. ಅದರಾಚೆಗಿನ ಆಬ್ಜೆಕ್ಟ್ ಸಿಗುತ್ತದೆ, ಆದರೆ ಒಳಗೆಲ್ಲ ಖಾಲಿ. ಮಾಹಿತಿ ಹೋಗಿರಲಿಲ್ಲ, ನಾವು ಅಲ್ಲಿಯವರೆಗೆ ಓದಿರಲಿಲ್ಲ ಅಷ್ಟೆ.

ಹಂತದ ಮಿತಿಯನ್ನೇ ತೆಗೆದುಹಾಕಿದರೆ ಮುಗಿಯಿತಲ್ಲ ಎಂದು ಕೇಳಿದೆ. ಅವನು ಬೇಡವೆಂದ. ಹಾಗೆ ಮಾಡಿದರೆ ಒಬ್ಬ ರೈತನನ್ನು ಕೇಳಿದಾಗ ಅವನ ಮೂಲಕ ಊರು, ಊರಿನ ಮೂಲಕ ಅಂಗಡಿ, ಅಂಗಡಿಯ ಮೂಲಕ ಉಳಿದ ರೈತರೆಲ್ಲ ಮೆಮೊರಿಗೆ ಬಂದು ಕೂರುತ್ತಾರೆ. ಬೇಕಾದ ಕಡೆ ಮಾತ್ರ ಕೈಯಾರೆ ತುಂಬಿಸುವ ಸಾಲುಗಳನ್ನು ಸೇರಿಸಿದೆವು. ಗೆಳೆಯಾ, ಉತ್ತರ ನಿನಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಮೇಲೆ ಹೊಳೆಯಿತು. ಅದನ್ನು ನಾನೇ ಕಾಣುವಂತೆ ನಡೆಸಿಕೊಂಡು ಹೋದ ನಿನ್ನ ತಾಳ್ಮೆಗೆ ನಾನು ಸದಾ ಋಣಿ.

ಇನ್ನು ಚಿತ್ರದುರ್ಗದ ಮೇಡಂ. ವಿದ್ಯಾರ್ಥಿಗಳಿಗೆ ಡೇಟಾಬೇಸ್ ಪಾಠ ಹೇಳುವವರು. ನನಗೆ ಅವರ ಪರಿಚಯವೇ ಇರಲಿಲ್ಲ. ಯಾರೋ ಹೇಳಿದರೆಂದು ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ರೈತರ ಹೆಸರು, ಫೋನ್ ನಂಬರ್ ತೆಗೆದು ಕಳಿಸುತ್ತೀರಾ?’ ಅವನ್ನು ತೆಗೆದು ಸುಳ್ಳು ಹೆಸರು ತುಂಬುವ ತನಕ ಅವರು ಕಡತವನ್ನು ಸ್ವೀಕರಿಸಲಿಲ್ಲ. ಬೇರೆಯವರ ಲೆಕ್ಕವನ್ನು ಹೀಗೆ ಗೌರವಿಸುವವರನ್ನು ಕಂಡಾಗ ಮನಸ್ಸಿಗೆ ಧೈರ್ಯ ಬರುತ್ತದೆ.

ಅವರು ಬಿಡಿಸಿದ ತೊಡಕು ಎಲ್ಲಕ್ಕಿಂತ ದೊಡ್ಡದು. ಯಾವುದೋ ವರ್ಷದ ಹಿಂದಿನ ಪಟ್ಟಿಗಳಲ್ಲೆಲ್ಲ ತೂಕ ಸೊನ್ನೆ ಎಂದು ಬರುತ್ತಿತ್ತು. ಹಂತಗಳನ್ನು ತುಂಬಿಸಿದರೂ ಅದೇ ಸೊನ್ನೆ. ಹಳೆಯ ಕೋಡ್ ಓದಿದಾಗ ಒಂದು ಸಂಗತಿ ಗೊತ್ತಾಯಿತು: ಮೊದಲು ತೂಕವನ್ನು ಪೂರ್ಣ ಸಂಖ್ಯೆಯಾಗಿ, ಕಿಲೋಗಳಲ್ಲಿ ಇಡುತ್ತಿದ್ದರು, ಆಮೇಲೆ ಅದೇ ಹೆಸರಿನ ಫೀಲ್ಡನ್ನು (ಮೌಲ್ಯ ಇಡುವ ಜಾಗವನ್ನು) ದಶಮಾಂಶಕ್ಕೆ ಬದಲಿಸಿದ್ದರು. ಕೋಷ್ಟಕಗಳಲ್ಲಿ ಮಾಹಿತಿ ಇಡುವ ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಾದರೆ ಅಂಕಣದ ಮಾದರಿ ಬದಲಿಸುವಾಗ ಒಳಗಿನ ಮೌಲ್ಯಗಳೂ ಬದಲಾಗುತ್ತವೆ, ಇಲ್ಲವೇ ಆದೇಶವೇ ತಿರಸ್ಕಾರವಾಗುತ್ತದೆ. ಡಿಬಿಫೋರ್‌ಓ ಹಾಗಲ್ಲ. ಅದು ಅದೇ ಹೆಸರಿನಲ್ಲಿ ಎರಡನೆಯ ಫೀಲ್ಡನ್ನು ಸದ್ದಿಲ್ಲದೆ ತೆರೆಯುತ್ತದೆ, ಹಳೆಯದು ಹಿಂದೆಯೇ ಉಳಿಯುತ್ತದೆ. ಹೊಸ ಕೋಡ್ ಹೊಸದನ್ನು ಮಾತ್ರ ನೋಡುತ್ತದೆ. ಮೇಡಂ ಹೇಳಿದರು: ‘ಅದು ಅಳಿದಿಲ್ಲ. ಹಳೆಯ ಮಾದರಿಯ ಹೆಸರು ಹೇಳಿ ಕೇಳಿ, ಕೊಡುತ್ತದೆ.’ ಸ್ಟೋರ್ಡ್ ಕ್ಲಾಸ್, ಅದರೊಳಗಿನ ಸ್ಟೋರ್ಡ್ ಫೀಲ್ಡ್ ಎಂಬ ದಾರಿಯೊಂದು ಅದರಲ್ಲಿದೆ. ಹೆಸರಿನ ಜೊತೆ ಮಾದರಿಯನ್ನೂ ಕೊಟ್ಟು ಕೇಳಿದರೆ ಹಳೆಯ ಮೌಲ್ಯ ಬರುತ್ತದೆ.

ಬಂತು. ಅಂಗಡಿಯ ಹಿರಿಯ ಗುಮಾಸ್ತರು ಅಟ್ಟದಿಂದ ಕಾಗದದ ಖಾತೆ ಇಳಿಸಿ ಕನ್ನಡಕ ಹಾಕಿಕೊಂಡು ಕೂತರು. ನಾನು ಪರದೆ ನೋಡಿ ಓದುತ್ತಾ ಹೋದೆ, ಅವರು ಸಾಲಿನ ಮೇಲೆ ಬೆರಳಿಟ್ಟು ‘ಹೌದು... ಹೌದು... ಮುಂದೆ’ ಎನ್ನುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಎಂಟು ಕಿಲೋ ವ್ಯತ್ಯಾಸ. ಅವರು ಪುಟ ತಿರುವಿ, ಅಂಚಿನಲ್ಲಿ ತಾವೇ ಬರೆದಿದ್ದ ತಿದ್ದುಪಡಿ ತೋರಿಸಿದರು: ‘ನಿಮ್ಮದೇ ಸರಿ, ಇಲ್ಲಿ ಆಮೇಲೆ ತಿದ್ದಿದ್ದೇನೆ.’ ಗುಮಾಸ್ತರೇ, ನೀವು ಕಂಪ್ಯೂಟರ್ ಮುಟ್ಟುವುದಿಲ್ಲ ಎನ್ನುತ್ತೀರಿ. ಈ ಕೆಲಸದ ನಿಜವಾದ ಪರೀಕ್ಷೆ ನಡೆಸಿದವರು ನೀವು. ನಿಮ್ಮ ಅಚ್ಚುಕಟ್ಟಾದ ಖಾತೆ ಇಲ್ಲದಿದ್ದರೆ ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರೇ ಇರುತ್ತಿರಲಿಲ್ಲ.

ಮಾಹಿತಿ ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಡೇಟಾಬೇಸ್ ಜೊತೆ ಮಾತನಾಡುವ ಭಾಷೆಯಾದ ಎಸ್‌ಕ್ಯೂಎಲ್‌ನ ಪಾಳಿ. ಇಲ್ಲಿ ಕೈಹಿಡಿದವರು ಪಿ.ಜೆ. ಬಡಾವಣೆಯ ಅಣ್ಣ. ಸಹಕಾರ ಸಂಘಗಳ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವವರು, ನಮ್ಮ ಊರಿನ ಎಷ್ಟೋ ಹುಡುಗರಿಗೆ ದಾರಿ ತೋರಿಸಿದವರು. ಸಂಜೆ ಅವರ ಕೋಣೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತರೆ ರಾತ್ರಿಯಾದದ್ದೇ ತಿಳಿಯುತ್ತಿರಲಿಲ್ಲ.

ಅಣ್ಣ ತೋರಿಸಿದ ಒಂದು ಸಂಗತಿಯನ್ನು ಎಲ್ಲ ಕಿರಿಯರಿಗೂ ಹೇಳಬೇಕು. ರೈತವಾರು ಚೀಲಗಳ ಮೊತ್ತ ತೆಗೆಯುವ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಪಟ್ಟಿಯ ಕೋಷ್ಟಕವನ್ನು ತೂಕದ ಸಾಲುಗಳ ಜೊತೆಗೂ ಕಡಿತದ ಸಾಲುಗಳ ಜೊತೆಗೂ ಒಟ್ಟಿಗೇ ಜಾಯಿನ್ ಮಾಡಲಾಗಿತ್ತು, ಅಂದರೆ ಜೋಡಿಸಲಾಗಿತ್ತು. ಒಂದು ಪಟ್ಟಿಯಲ್ಲಿ ಮೂರು ಲಾಟ್, ತಲಾ 20 ಚೀಲ. ಕಡಿತ ಎರಡು, ಹಮಾಲಿ ಮತ್ತು ತೂಕದ ಕೂಲಿ. ಜಾಯಿನ್ ಆದ ಮೇಲೆ ಪ್ರತಿ ಲಾಟ್ ಪ್ರತಿ ಕಡಿತದ ಜೊತೆ ಸೇರಿ ಸಾಲುಗಳು ಆರು. ಚೀಲ 60 ಇರಬೇಕಾದಲ್ಲಿ 120, ಹಮಾಲಿ ಮೂರು ಪಟ್ಟು. ‘ಡಿಸ್ಟಿಂಕ್ಟ್ ಹಾಕಿ’ ಎಂಬುದು ಎಲ್ಲರ ಬಾಯಿಗೂ ಬರುವ ಮಾತು. ಒಂದೇ ಮೌಲ್ಯ ಮತ್ತೆ ಮತ್ತೆ ಬಂದರೆ ಅದು ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಅಣ್ಣ ಅದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದರು: ಮೂರು ಲಾಟ್‌ಗಳಲ್ಲೂ 20 ಎಂದೇ ಇರುವುದರಿಂದ ಡಿಸ್ಟಿಂಕ್ಟ್ ಹಾಕಿ ಕೂಡಿದರೆ ಬರುವುದು 20. ರೈತನ 40 ಚೀಲ ಮಾಯ. ತೂಕವನ್ನು ಪಟ್ಟಿವಾರು ಬೇರೆ ಕೂಡಿ, ಕಡಿತವನ್ನು ಪಟ್ಟಿವಾರು ಬೇರೆ ಕೂಡಿ, ಆ ಎರಡು ಮೊತ್ತಗಳನ್ನು ಮಾತ್ರ ಪಟ್ಟಿಗೆ ಜೋಡಿಸಬೇಕು. ಮೊತ್ತ ದುಪ್ಪಟ್ಟಾದರೆ ಕಣ್ಣಿಗೆ ಬೀಳುತ್ತದೆ, ಡಿಸ್ಟಿಂಕ್ಟ್ ಹಾಕಿದ ಮೇಲೆ ಆಗುವ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅದು ಹೆಚ್ಚು ಅಪಾಯ ಎಂಬ ಅವರ ಮಾತನ್ನು ನಾನು ಮೇಜಿನ ಮೇಲೆ ಬರೆದು ಅಂಟಿಸಿದ್ದೇನೆ.

ಈ ಸೀಸನ್ನಿನಲ್ಲಿ ಇನ್ನೂ ಮಾಲು ತಾರದ ರೈತರ ಯಾದಿ ಕೇಳಿದಾಗ ಒಂದು ಸಾಲೂ ಬಾರದಿದ್ದ ತೊಡಕನ್ನೂ ಅವರೇ ಬಿಡಿಸಿದರು. ಹೆಸರು ಬರೆಯದ ಒಂದು ನಗದು ಪಟ್ಟಿಯಲ್ಲಿ ರೈತನ ಸಂಖ್ಯೆ ನಲ್, ಅಂದರೆ ಖಾಲಿ ಆಗಿತ್ತು. ‘ಈ ಯಾದಿಯಲ್ಲಿ ಇಲ್ಲದವರು’ ಎಂದು ಕೇಳುವ ನಾಟ್ ಇನ್ ಎಂಬ ಷರತ್ತಿನೊಳಗೆ ಒಂದೇ ಒಂದು ನಲ್ ಸೇರಿದರೂ ಯಾರನ್ನೂ ‘ಖಂಡಿತ ಇಲ್ಲ’ ಎಂದು ಹೇಳಲು ಡೇಟಾಬೇಸ್‌ಗೆ ಆಗುವುದಿಲ್ಲ, ಹಾಗಾಗಿ ಎಲ್ಲರನ್ನೂ ಕೈಬಿಡುತ್ತದೆ. ಅದರ ಬದಲು ನಾಟ್ ಎಕ್ಸಿಸ್ಟ್ಸ್ ಎಂಬ ಷರತ್ತು ಬರೆದರೆ ಸರಿಯಾಯಿತು. ನಿಧಾನದ ಕ್ವೆರಿಗಳಿಗೆ ಎಕ್ಸ್‌ಪ್ಲೇನ್ ಅನಲೈಸ್ (ಸಮಯ ಎಲ್ಲಿ ಹೋಯಿತು ಎಂದು ತೋರಿಸುವ ಆದೇಶ) ಹಾಕಿ ಓದುವುದನ್ನು, ದಿನಾಂಕದಿಂದ ವರ್ಷ ತೆಗೆದು ಹೋಲಿಸುವ ಬದಲು ‘ಈ ದಿನದಿಂದ ಆ ದಿನದ ಒಳಗೆ’ ಎಂದು ಬರೆದು ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಬಳಕೆಯಾಗುವಂತೆ ಮಾಡುವುದನ್ನು, ಹಣವನ್ನು ದಶಮಾಂಶವನ್ನು ನಿಖರವಾಗಿ ಹಿಡಿದಿಡುವ ನ್ಯೂಮರಿಕ್ ಮಾದರಿಯಲ್ಲೇ ಇಡುವುದನ್ನು ಅಣ್ಣ ನಡುನಡುವೆ ಹೇಳಿಕೊಡುತ್ತಲೇ ಇದ್ದರು.

ಕೊನೆಯ ತೊಡಕು ನಮ್ಮ ಅಕ್ಷರಗಳದ್ದು. ಅದನ್ನು ಹಿಡಿದವಳು ಮಂಡಿಪೇಟೆಯ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ. ರೈತರ ಯಾದಿಯಲ್ಲಿ ಒಂದೇ ಊರಿನ, ಒಂದೇ ತಂದೆಯ ಹೆಸರಿನ ಕೊಟ್ರೇಶ ಎರಡು ಬಾರಿ ಬರುತ್ತಿದ್ದ, ಮುಂಗಡ ಒಬ್ಬನ ಮೇಲೆ, ಮಾಲು ಇನ್ನೊಬ್ಬನ ಮೇಲೆ. ಕೊಟ್ಟೂರು ಬಸವೇಶ್ವರನ ಭಕ್ತರು ತುಂಬಿರುವ ನಮ್ಮ ಸೀಮೆಯಲ್ಲಿ ಕೊಟ್ರೇಶರು ಹಲವರಿರುವುದು ಸಹಜ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ತಂಗಿ ಪರದೆ ನೋಡಿ, ‘ಅಣ್ಣಾ, ಇದು ಹಳೆಯ ನುಡಿ ಫಾಂಟಿನಿಂದ ಬದಲಾಯಿಸಿದ್ದಾ? ಅಕ್ಷರ ಎಣಿಸಿ ನೋಡಿ’ ಎಂದಳು. ಎಣಿಸಿದರೆ ಒಂದರ ಉದ್ದ ಹೆಚ್ಚು, ಇನ್ನೊಂದರದು ಕಡಿಮೆ. ‘ಕೊ’ ಎಂಬುದನ್ನು ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕಕಾರದ ಮುಂದೆ ಓತ್ವದ ಒಂದೇ ಚಿಹ್ನೆ ಹಾಕಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡು ಚಿಹ್ನೆ ಹಾಕಿಯೂ ಬರೆಯಬಹುದು. ‘ರೇ’ ಎಂಬಲ್ಲಿಯೂ ಹಾಗೆಯೇ. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ ಇದನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಎಲ್ಲ ಹೆಸರುಗಳನ್ನೂ ಅದರ ಮೂಲಕ ಹಾಯಿಸಿದೆವು. ಹೊಸ ಹೆಸರು ದಾಖಲಾಗುವಾಗಲೂ ಈಗ ಅದೇ ನಡೆಯುತ್ತದೆ. ಆದರೂ ಖಾತೆಗಳನ್ನು ಕೂಡಿಸುವ ಮೊದಲು ಊರು, ತಂದೆಯ ಹೆಸರು, ಫೋನ್ ಮೂರನ್ನೂ ನೋಡಿ ಗುಮಾಸ್ತರು ಒಪ್ಪಬೇಕು ಎಂದು ಇಟ್ಟುಕೊಂಡೆವು, ಏಕೆಂದರೆ ನಿಜವಾಗಿಯೂ ಇಬ್ಬರು ಕೊಟ್ರೇಶರಿರುವ ಊರುಗಳೂ ಇವೆ.

ತಂಗೀ, ನೀನು ‘ನಾನು ಬರೀ ಟೈಪಿಂಗ್ ಮಾಡುವವಳು’ ಎಂದು ಹೇಳುವುದನ್ನು ಇನ್ನು ನಿಲ್ಲಿಸಬೇಕು. ನಮ್ಮಲ್ಲಿ ಯಾರಿಗೂ ಕಾಣದ್ದು ನಿನಗೆ ಕಂಡಿತು.

ಬೇರೆಯವರ ಕೋಡ್ ಓದುವುದು ಎಷ್ಟು ದಣಿಸುವ ಕೆಲಸ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಅದರಿಂದ ಇವರಿಗೆ ಹಣ ಬರಲಿಲ್ಲ, ಹೆಸರೂ ಬರುವುದಿಲ್ಲ. ಆದರೂ ಪ್ರತಿಯೊಬ್ಬರೂ ಉತ್ತರ ಹೇಳಿ ಎದ್ದುಹೋಗದೆ, ಅದು ನಿಜವಾದ ಪಟ್ಟಿಯೊಂದಕ್ಕೆ ಹೊಂದುವುದನ್ನು ನೋಡುವ ತನಕ ಜೊತೆಗಿದ್ದರು. ಬಾಗಿಲು ಮುಚ್ಚುವ ಹೊತ್ತು ಮೀರಿದರೂ ನಮಗಾಗಿ ದೀಪ ಉರಿಸಿಟ್ಟ ಅಂಗಡಿಯ ಯಜಮಾನರಿಗೂ, ಊಟ ಬಡಿಸಲು ಕಾದು ಕೂತಿರುತ್ತಿದ್ದ ನನ್ನ ಅವ್ವನಿಗೂ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಸುತ್ತ ಇಂಥ ಹಳೆಯ ಆಬ್ಜೆಕ್ಟ್ ಡೇಟಾಬೇಸ್ ಕಡತ ಇಟ್ಟುಕೊಂಡು ಕೂತವರು ಇದ್ದರೆ, ಅಥವಾ ಮೊತ್ತ ತಾಳೆಯಾಗದ ಕ್ವೆರಿ ಕೈಯಲ್ಲಿದ್ದರೆ, ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ. ಹರಿಹರದ ಗೆಳೆಯನೂ ಊರಿನಲ್ಲಿದ್ದರೆ ಬರುತ್ತಾನೆ. ಮೂಲ ಕಡತ ತರಬೇಡಿ, ಅದರ ಪ್ರತಿ ತನ್ನಿ, ಹೆಸರು ಮತ್ತು ಫೋನ್ ನಂಬರ್ ತೆಗೆದು ತನ್ನಿ. ಜೊತೆಗೆ ಕೈಬರಹದ ಒಂದು ಹಳೆಯ ಪಟ್ಟಿಯನ್ನೂ ತನ್ನಿ, ಕೆಲಸ ಶುರುವಾಗುವುದು ಅದರಿಂದಲೇ.