ನಿನ್ನ ಪಟ್ಟಿಯಲ್ಲಿ ಮಾಲಾಶ್ರೀ ಎಲ್ಲಿ?

ತಿಪಟೂರು

ಪ್ರಿಯ ಮಂಜ,

ನೀನು ಕಳಿಸಿದ ಪಟ್ಟಿ ನೋಡಿದೆ. ಪುಣೆಯ ನಿಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ‘ತೊಂಬತ್ತರ ದಶಕ’ ಅಂತ ಒಂದು ಸಂಜೆ ಇಟ್ಟುಕೊಂಡಿರುವುದು ಖುಷಿಯ ವಿಷಯವೇ. ಆದರೆ ಪಟ್ಟಿ ಓದಿ ನಗು ಬಂತು ಕಣೋ. ದಿಲ್‌ವಾಲೆ ದುಲ್ಹನಿಯಾ, ಹಮ್ ಆಪ್ಕೆ ಹೈ ಕೌನ್, ಟೈಟಾನಿಕ್, ಶಕ್ತಿಮಾನ್, ಅಲಿಷಾ ಚಿನಾಯ್, ಮಕರೇನಾ. ಇರಲಿ, ನಾವೂ ನೋಡಿದ್ದೇವೆ, ಕುಣಿದಿದ್ದೇವೆ. ಆದರೆ ಇದೇ ಪಟ್ಟಿಯನ್ನು ಲಖನೌದವನೊಬ್ಬ ಕಳಿಸಿದ್ದರೂ ನಡೆಯುತ್ತಿತ್ತು. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಬೆಳೆದವನು ಬರೆದದ್ದು ಅನ್ನೋದಕ್ಕೆ ಒಂದು ಗುರುತೂ ಇಲ್ಲ. ಕೊನೆಯಲ್ಲಿ ‘ಕನ್ನಡದ್ದು ಒಂದೆರಡು ನೀನೇ ಸೇರಿಸು’ ಅಂತ ಬೇರೆ ಬರೆದಿದ್ದೀಯ! ಒಂದೆರಡರಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ಲೆಕ್ಕ ಸರಿ ಮಾಡೋಣ. ನಮ್ಮ ತೊಂಬತ್ತರ ದಶಕ ಜನವರಿ 1ಕ್ಕೆ ಶುರುವಾಗಲಿಲ್ಲ. 1990ರ ಸೆಪ್ಟೆಂಬರ್ 30ಕ್ಕೆ ಶುರುವಾಯಿತು. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಶಂಕರ್‌ನಾಗ್ ಹೋದ ದಿನ. ಆಗ ಅವರಿಗಿನ್ನೂ 35 ವರ್ಷ. ಆ ವಯಸ್ಸಿಗೆ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದು ಇಡೀ ದೇಶಕ್ಕೆ ತೋರಿಸಿಯಾಗಿತ್ತು, ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿಯಾಗಿತ್ತು. ಇಲ್ಲಿನ ಆಟೋದವರು ಇವತ್ತಿಗೂ ಅವರ ಫೋಟೋ ಅಂಟಿಸಿಕೊಂಡು ಓಡಾಡುತ್ತಾರೆ. ಅವರು ಇದ್ದಿದ್ದರೆ ಕನ್ನಡದ ಟಿವಿ, ಸಿನಿಮಾ ಏನಾಗುತ್ತಿತ್ತು ಅನ್ನೋ ಮಾತನ್ನು ಜನ ಆಡುವುದು ಇನ್ನೂ ನಿಂತಿಲ್ಲ. ನಿಮ್ಮ ಕಾರ್ಯಕ್ರಮ ಅಲ್ಲಿಂದ ಹೊರಡಲಿ.

ಆಮೇಲೆ ಮಾಲಾಶ್ರೀ. ಅವರ ಹೆಸರು ಹೇಗೋ ಬಿಟ್ಟುಬಿಟ್ಟೆ? ನಿಮ್ಮ ಮನೆಯ ಗೋಡೆಯ ಮೇಲೇ ಕ್ಯಾಲೆಂಡರ್ ಇತ್ತಲ್ಲ! 1989ರಲ್ಲಿ ‘ನಂಜುಂಡಿ ಕಲ್ಯಾಣ’ದಿಂದ ಬಂದ ಹುಡುಗಿ, ಎರಡು ಮೂರು ವರ್ಷದಲ್ಲಿ ತನ್ನ ಹೆಸರಿನ ಮೇಲೇ ಟಿಕೆಟ್ ಮಾರಿಸಿದಳು. ‘ರಾಣಿ ಮಹಾರಾಣಿ’, ‘ಎಸ್.ಪಿ. ಭಾರ್ಗವಿ’, ‘ಕಿತ್ತೂರಿನ ಹುಲಿ’. ಪೋಸ್ಟರಿನಲ್ಲಿ ಅವಳ ಮುಖ ದೊಡ್ಡದು, ಹೀರೋನದು ಮೂಲೆಯಲ್ಲಿ. ಹೊಡೆದಾಟ ಅವಳದ್ದೇ, ಡೈಲಾಗೂ ಅವಳದ್ದೇ. ಟೆಂಟಿನಲ್ಲಿ ನೆಲದ ಕ್ಲಾಸಿನವರು ಶಿಳ್ಳೆ ಹೊಡೆಯುತ್ತಿದ್ದದ್ದು ಒಬ್ಬ ಹೆಣ್ಣುಮಗಳು ಖಾಕಿ ಹಾಕಿಕೊಂಡು ಜೀಪಿನಿಂದ ಇಳಿದಾಗ. ಹೀರೋಯಿನ್ ಅಂದರೆ ಹಾಡಿಗೆ ಬಂದು ಹೋಗುವವಳು ಅಂತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಈಗಿನವರು ‘ಲೇಡಿ ಸೂಪರ್‌ಸ್ಟಾರ್’ ಅಂತ ಹೊಸದಾಗಿ ಕಂಡುಹಿಡಿದವರ ಥರ ಬರೆಯುವಾಗ ನನಗೆ ಸಿಟ್ಟೇ ಬರುತ್ತದೆ.

ಅಣ್ಣಾವ್ರು? ಮೂರು ವರ್ಷ ಬಿಡುವು ಕೊಟ್ಟು 1992ರಲ್ಲಿ ‘ಜೀವನಚೈತ್ರ’ಕ್ಕೆ ಬಂದಾಗ ಅವರಿಗೆ 63. ಊರಿನ ಸಾರಾಯಿ ಅಂಗಡಿ ಮುಚ್ಚಿಸುವ ಕಥೆ. ಅದರ ‘ನಾದಮಯ’ ಹಾಡಿಗೆ ಗಾಯಕನಾಗಿ ರಾಷ್ಟ್ರಪ್ರಶಸ್ತಿ ಬಂತು. ನಟನೆಗಲ್ಲ, ಹಾಡಿಗೆ! ನಮ್ಮಪ್ಪ ಅದನ್ನು ಊರೆಲ್ಲ ಹೇಳಿಕೊಂಡು ಬಂದರು, ಪ್ರಶಸ್ತಿ ಅವರಿಗೇ ಬಂದವರ ಥರ. 1993ರಲ್ಲಿ ‘ಆಕಸ್ಮಿಕ’ ಬಂತು. ಅದರಲ್ಲಿ ಹಂಸಲೇಖ ಬರೆದು ರಾಗ ಹಾಕಿದ, ಕನ್ನಡ ನಾಡಲ್ಲಿ ಹುಟ್ಟಬೇಕು ಅನ್ನೋ ಆ ಹಾಡು ಇದೆಯಲ್ಲ, ಪ್ರತಿ ನವೆಂಬರಿನಲ್ಲೂ ನಿಮ್ಮ ಸಂಘದ ಮೈಕಿನಲ್ಲಿ ಮೊದಲು ಕೇಳಿಸೋದು ಅದೇ ತಾನೇ? ತೊಂಬತ್ತರ ದಶಕದ ಸಂಜೆ ಮಾಡುತ್ತೀರಿ, ಅದು ತೊಂಬತ್ತರ ದಶಕದ ಹಾಡು ಅನ್ನೋದು ಪಟ್ಟಿ ಮಾಡಿದವರಿಗೇ ನೆನಪಿಲ್ಲ.

ಇಲ್ಲೊಂದು ಹೆಸರು ಹೇಳಬೇಕು: ಟಿ.ಎಸ್. ನಾಗಾಭರಣ. 1990ರಲ್ಲಿ ‘ಸಂತ ಶಿಶುನಾಳ ಶರೀಫ’, 1992ರಲ್ಲಿ ‘ಮೈಸೂರು ಮಲ್ಲಿಗೆ’, ಆಮೇಲೆ ಈ ‘ಆಕಸ್ಮಿಕ’, 1996ರಲ್ಲಿ ‘ಜನುಮದ ಜೋಡಿ’, 1997ರಲ್ಲಿ ‘ನಾಗಮಂಡಲ’. ಐದೂ ಒಬ್ಬರೇ ಮಾಡಿದ್ದು. ಬರೀ ಪ್ರಶಸ್ತಿಯ ಸಿನಿಮಾಗಳಲ್ಲ, ಬರೀ ದುಡ್ಡಿನವೂ ಅಲ್ಲ. ‘ಜನುಮದ ಜೋಡಿ’ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯಿಂದ ಬಂದ ಕಥೆ. ಆದರೆ ವಿ. ಮನೋಹರ್ ಸಂಗೀತ ಕೊಟ್ಟ ಮೇಲೆ ಅದು ಪೂರ್ತಿ ನಮ್ಮ ಕಡೆಯದ್ದೇ ಆಗಿಹೋಯಿತು, ವರ್ಷಕ್ಕೂ ಜಾಸ್ತಿ ಓಡಿತು. ಅದರಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಪದ ಇಲ್ಲಿನ ಜಾತ್ರೆಗಳಲ್ಲಿ ಇನ್ನೂ ಕೇಳಿಸುತ್ತದೆ. ನನ್ನ ಮಟ್ಟಿಗೆ ಆ ದಶಕದ ನಿರ್ದೇಶಕ ಅಂದರೆ ನಾಗಾಭರಣರೇ. ನೀನು ಉಪೇಂದ್ರ ಅನ್ನುತ್ತೀಯ, ಗೊತ್ತು. ಅಲ್ಲಿಗೂ ಬರುತ್ತೇನೆ, ತಡಿ.

ಅದಕ್ಕೆ ಮುಂಚೆ ಕ್ಯಾಸೆಟ್ಟು. ಇದನ್ನು ನಿಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಏನೂ ಅರ್ಥವಾಗುವುದಿಲ್ಲ. ಆಗ ಸಿನಿಮಾ ನಮಗೆ ಮೊದಲು ಕಿವಿಯಿಂದ ಬರುತ್ತಿತ್ತು. ಬೆಂಗಳೂರಿನಲ್ಲಿ ರಿಲೀಸಾದ ಚಿತ್ರ ನಮ್ಮೂರಿಗೆ ಬರಲು ತಿಂಗಳುಗಳೇ ಹಿಡಿಯುತ್ತಿತ್ತು, ಕ್ಯಾಸೆಟ್ ಮಾತ್ರ ಮುಂಚೆಯೇ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬಂದಿರುತ್ತಿತ್ತು. ಚಿತ್ರ ನೋಡುವ ಹೊತ್ತಿಗೆ ಹಾಡೆಲ್ಲ ಬಾಯಿಪಾಠ. ಪರದೆಯ ಮೇಲೆ ಹೀರೋ ಬಾಯಿ ತೆರೆಯುವ ಮೊದಲೇ ಟೆಂಟಿಗೆ ಟೆಂಟೇ ಹಾಡುತ್ತಿತ್ತು. ರೆಕಾರ್ಡಿಂಗ್ ಅಂಗಡಿಗೆ ಚೀಟಿ ಬರೆದುಕೊಟ್ಟು ಬರುತ್ತಿದ್ದದ್ದು ನೆನಪಿದೆಯಾ? ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟು, ಒಂದು ಕಡೆಗೆ ಮೂವತ್ತು ನಿಮಿಷ. ಕೊನೆಯ ಹಾಡು ಚರಣದ ಮಧ್ಯೆ ಕಟ್ಟಾಗುತ್ತಿತ್ತು. ‘ರಾಮಾಚಾರಿ’ಯ ಒಂದು ಹಾಡು ಎಲ್ಲಿ ಮುಗಿಯುತ್ತದೆ ಅನ್ನೋದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ.

ಆ ಚೀಟಿಯ ಮುಕ್ಕಾಲು ಭಾಗ ಹಂಸಲೇಖರದ್ದೇ ಇರುತ್ತಿತ್ತು. ಸಾಹಿತ್ಯವೂ ಅವರದೇ, ಸಂಗೀತವೂ ಅವರದೇ. ರವಿಚಂದ್ರನ್‌ಗೆ ಬರೆದದ್ದು ಒಂದು ಥರ, ಅಣ್ಣಾವ್ರಿಗೆ ಬರೆದದ್ದು ಇನ್ನೊಂದು ಥರ. ಅದೇ ಮನುಷ್ಯ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಹಿಂದೂಸ್ತಾನಿ ರಾಗಗಳನ್ನು ಹಾಕಿ ರಾಷ್ಟ್ರಪ್ರಶಸ್ತಿ ತಂದರು, ಅದರಲ್ಲೇ ಹಾಡಿದ ಎಸ್ಪಿಬಿಗೂ ಬಂತು. ಗದಗಿನ ಗವಾಯಿಗಳ ಕಥೆಗೆ ದನಿಯಾದವರು ತೆಲುಗು ಮನೆಮಾತಿನವರು. ಇದನ್ನು ಯಾರೂ ಇಲ್ಲಿ ವಿಚಿತ್ರ ಅಂದುಕೊಳ್ಳಲಿಲ್ಲ. ಎಸ್ಪಿಬಿ ನಮ್ಮವರೇ ಅಂತ ಜನ ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು.

ಕ್ಯಾಸೆಟ್ ಅಂದರೆ ಬರೀ ಸಿನಿಮಾ ಹಾಡಲ್ಲ, ಇದನ್ನು ನೀನು ಖಂಡಿತ ಸೇರಿಸಬೇಕು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’, ಧೀರೇಂದ್ರ ಗೋಪಾಲರ ಹಾಸ್ಯ, ಗುರುರಾಜುಲು ನಾಯ್ಡು ಅವರ ಹರಿಕಥೆ. ಗಣೇಶನ ಪೆಂಡಾಲಿನಲ್ಲಿ ಬೆಳಿಗ್ಗೆ ಹರಿಕಥೆ, ಮಧ್ಯಾಹ್ನ ‘ಲಂಚಾವತಾರ’, ರಾತ್ರಿ ಪ್ರಭುದೇವ. ಆ ‘ಮುಕಾಬುಲಾ’ ಹುಡುಗ ಮೈಸೂರಿನವನು ಅಂತ ತಿಳಿದ ಮೇಲಂತೂ ಶಾಲಾ ವಾರ್ಷಿಕೋತ್ಸವದಲ್ಲಿ ಬೇರೆ ಡಾನ್ಸೇ ಇರಲಿಲ್ಲ. ಇನ್ನು ಸಿ. ಅಶ್ವಥ್. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಪುಸ್ತಕ 1942ರದ್ದು. ಐವತ್ತು ವರ್ಷದ ನಂತರ ಅದು ಅಶ್ವಥರ ರಾಗದಲ್ಲಿ ಸಿನಿಮಾ ಆಯಿತು, ಅಜ್ಜನ ವಯಸ್ಸಿನ ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಶರೀಫರ ಪದಗಳೂ ಹಾಗೇ. ಉತ್ತರ ಕರ್ನಾಟಕದ ಭಜನೆಯವರ ಬಾಯಲ್ಲಿದ್ದದ್ದು ನಮ್ಮ ಕಡೆಯ ಮದುವೆ ಮನೆಗೆ ಬಂದದ್ದು ಆ ಗಡುಸು ಗಂಟಲಿನಿಂದ.

ಈಗ ಉಪೇಂದ್ರ. 1995ರ ಮೇ ತಿಂಗಳಲ್ಲಿ ‘ಓಂ’. ಅರ್ಚಕರ ಮಗ ರೌಡಿಯಾಗುವ ಕಥೆ. ಬೆಂಗಳೂರಿನ ನಿಜವಾದ ರೌಡಿಗಳೇ ಅದರಲ್ಲಿ ಪಾತ್ರ ಮಾಡಿದ್ದರು. ನಿರ್ಮಾಣ ಮಾಡಿದ್ದು ಯಾರು? ಪಾರ್ವತಮ್ಮ ರಾಜ್‌ಕುಮಾರ್! ಮನೆಮಂದಿ ಕೂತು ನೋಡುವ ಚಿತ್ರಗಳ ಕಂಪನಿ ಅದು. ಸೂರ್ಯನನ್ನು ಕರೆಯುವ ಹಾಡಿಗೆ ಅಣ್ಣಾವ್ರ ದನಿ, ಅದೇ ಚಿತ್ರದಲ್ಲಿ ಅವರ ಮಗ ಶಿವರಾಜ್‌ಕುಮಾರ್ ಕೈಯಲ್ಲಿ ಲಾಂಗು. ಅದು ಒಂದು ಸಲ ಓಡಿ ಮುಗಿದ ಚಿತ್ರವಲ್ಲ. ಟಿವಿಗೆ ಕೊಟ್ಟಿದ್ದು 2015ರಲ್ಲಿ, ಇಪ್ಪತ್ತು ವರ್ಷದ ನಂತರ. ಅಲ್ಲಿಯವರೆಗೆ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕಿತ್ತು, ಟಾಕೀಸಿನವರೂ ಕೈಯಲ್ಲಿ ಚಿತ್ರ ಇಲ್ಲದಾಗೆಲ್ಲ ಅದನ್ನೇ ಹಾಕುತ್ತಿದ್ದರು. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿದೆ ಅನ್ನುತ್ತಾರೆ. ಅದರ ಹಿಂದೆ ಬಂದ ಲಾಂಗು-ಮಚ್ಚಿನ ಚಿತ್ರಗಳು ಬಹುಪಾಲು ಕೆಟ್ಟವು, ಒಪ್ಪುತ್ತೇನೆ. ಅವುಗಳಿಗೆ ‘ಓಂ’ನ ರಕ್ತ ಕಂಡಿತು, ಅದರಲ್ಲಿದ್ದ ಅಪ್ಪ ಅಮ್ಮನ ಸಂಕಟ ಕಾಣಲಿಲ್ಲ.

1998ರಲ್ಲಿ ‘ಎ’. ಪೋಸ್ಟರಿನಲ್ಲೇ ‘ಬುದ್ಧಿವಂತರಿಗೆ ಮಾತ್ರ’ ಅಂತ ಬರೆದು ಹೆದರಿಸಿದ್ದ ಚಿತ್ರ. ಕಥೆ ಕೊನೆಯಿಂದ ಮೊದಲಿಗೆ. ಗುರುಕಿರಣ್ ಸಂಗೀತ ಕೊಟ್ಟ ಮೊದಲ ಸಿನಿಮಾ ಅದು. ಹೊರಗೆ ಬಂದಾಗ ನೀನು ‘ನನಗೆ ಪೂರ್ತಿ ಅರ್ಥವಾಯಿತು’ ಅಂದೆ. ಮಾರನೆಯ ದಿನ ನೀನೇ ಯಾರಿಗೂ ಹೇಳದೆ ಮತ್ತೆ ಮ್ಯಾಟಿನಿಗೆ ಹೋಗಿದ್ದೆ. ಟಿಕೆಟ್ ಹರಿಯುವವನೇ ನನಗೆ ಹೇಳಿದ.

ಟಿವಿಯ ವಿಷಯಕ್ಕೆ ಬಂದರೆ, ಆಂಟೆನಾ ತಿರುಗಿಸಿದ ಕಥೆ ಎಲ್ಲರೂ ಹೇಳುತ್ತಾರೆ, ಅದು ಬೇಡ. ಬೇರೆ ಎರಡು ಹೇಳು. ದಶಕದ ಶುರುವಿನಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’. ತುಳು ಹಾಡು ಬಂದ ಕೂಡಲೇ ನಾವು ಕಂಬಳಿಯೊಳಗೆ. ಪ್ರಕಾಶ್ ರೈ ಅನ್ನೋ ಹುಡುಗನ ಮುಖ ನೋಡಿದ್ದು ಅದರಲ್ಲೇ. ದಶಕದ ಕೊನೆಗೆ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’, ಚಂದನದಲ್ಲಿ. ಸಂಜೆಯಲ್ಲ, ನಾಲ್ಕೂವರೆಗೆ! ಆ ಹೊತ್ತಿಗೆ ಧಾರಾವಾಹಿ ಹಾಕಿದರೆ ಯಾರು ನೋಡುತ್ತಾರೆ ಅಂತ ಅಂದುಕೊಂಡಿದ್ದೆವು. ನಮ್ಮ ಬೀದಿಯ ಹೆಂಗಸರು ಕಾಫಿ ಹೊತ್ತನ್ನೇ ಹಿಂದಕ್ಕೆ ಹಾಕಿಕೊಂಡರು. ಅತ್ತೆ-ಸೊಸೆ ಜಗಳವೇ ಇಲ್ಲದೆ, ಮಧ್ಯಮ ವರ್ಗದ ಮನೆಗಳ ಸಾಲ, ಕೆಲಸ, ಪ್ರೀತಿ, ಹಟ ಇಷ್ಟರಲ್ಲೇ ಕಥೆ ನಡೆಯಿತು. ಮಾಳವಿಕಾ ಮಾತಾಡುವ ರೀತಿಯನ್ನು ನಮ್ಮ ಅಕ್ಕಂದಿರು ಕಲಿತದ್ದೂ ಆಗಲೇ.

ಇವೆರಡರ ಮಧ್ಯೆ ಕೇಬಲ್ ಬಂತು. 1994ರ ಜೂನ್‌ನಲ್ಲಿ ಉದಯ ಟಿವಿ. ಕೇಬಲ್‌ನವನು ರಾತ್ರಿ ತನ್ನದೇ ಚಾನೆಲ್‌ನಲ್ಲಿ ವಿಡಿಯೋ ಕ್ಯಾಸೆಟ್ ಸಿನಿಮಾ ಹಾಕುತ್ತಿದ್ದ, ಕೆಳಗೆ ಬಟ್ಟೆ ಅಂಗಡಿಯ ಜಾಹೀರಾತು ಓಡುತ್ತಿತ್ತು. ಭಾನುವಾರ ಸಂಜೆಯ ಒಂದು ಕನ್ನಡ ಚಿತ್ರಕ್ಕೆ ವಾರವಿಡೀ ಕಾಯುತ್ತಿದ್ದವರಿಗೆ ದಿನವೂ ಚಿತ್ರ. ಟೆಂಟು ಬಡವಾಗತೊಡಗಿದ್ದು ಅಲ್ಲಿಂದಲೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೂರದರ್ಶನದಲ್ಲಿ ಉರ್ದು ವಾರ್ತೆ ಶುರುವಾದದ್ದಕ್ಕೆ ಬೆಂಗಳೂರಿನಲ್ಲಿ ಗಲಭೆಯಾಗಿ ಜನ ಸತ್ತರು. ಕೆಲವು ನಿಮಿಷದ ವಾರ್ತೆಗೆ! ಸಂಘದ ಸಂಜೆಯಲ್ಲಿ ಇದನ್ನು ಯಾರೂ ಹೇಳಲು ಬಿಡಲಿಕ್ಕಿಲ್ಲ. ಆದರೆ ಟಿವಿಯ ಕಥೆ ಹೇಳುವಾಗ ಬರೀ ‘ಸುರಭಿ’ ಮತ್ತು ‘ಚಂದ್ರಕಾಂತ’ ಹೇಳಿ ಇದನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಎಲ್ಲಿ ನಿಲ್ಲಿಸುವುದು? 1999ರ ಡಿಸೆಂಬರ್ ಅಲ್ಲ. 2000ದ ಜುಲೈ 30. ಅಂದು ರಾತ್ರಿ ಗಾಜನೂರಿನಿಂದ ವೀರಪ್ಪನ್ ಅಣ್ಣಾವ್ರನ್ನು ಕರೆದುಕೊಂಡು ಹೋದ. 108 ದಿನ. ಶೂಟಿಂಗ್ ನಿಂತಿತು, ಟಾಕೀಸುಗಳು ಬಾಗಿಲು ಹಾಕಿದವು. ನಮ್ಮಪ್ಪ ರೇಡಿಯೋ ವಾರ್ತೆ ಮುಗಿಯದೆ ಊಟಕ್ಕೆ ಏಳುತ್ತಿರಲಿಲ್ಲ. ನವೆಂಬರ್ 15ಕ್ಕೆ ಅವರು ಬಿಡುಗಡೆಯಾದರು. ಮರು ತಿಂಗಳು ಈಟಿವಿ ಕನ್ನಡ ಶುರುವಾಯಿತು. ಆಮೇಲಿನದ್ದು ಬೇರೆ ದಶಕ, ಬೇರೆ ಸಂಜೆಗೆ ಇಟ್ಟುಕೊಳ್ಳಿ.

ಹಾಡುವವರು ಯಾರು? ನಿಮ್ಮಲ್ಲಿ ಹಾರ್ಮೋನಿಯಂ ನುಡಿಸುವವರು ಸಿಕ್ಕರೆ ಶರೀಫರ ಒಂದು ಪದ ಇಡಿ, ಟ್ರ್ಯಾಕ್ ಹಾಕಿಕೊಂಡು ಹಾಡಿಸಬೇಡಿ. ಕ್ವಿಜ್ ಇದ್ದರೆ ‘ಕನಸಿನ ರಾಣಿ ಯಾರು’ ಅನ್ನೋದು ಮೊದಲ ಪ್ರಶ್ನೆಯಾಗಲಿ (ಮರೆತಿದ್ದರೆ ಹೇಳುತ್ತೇನೆ, ಅದು ಮಾಲಾಶ್ರೀಯ ಬಿರುದು). ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಕೊಬ್ಬರಿ ಕಳಿಸಬೇಕಾ, ಅಥವಾ ದೀಪಾವಳಿಗೆ ನೀನೇ ಬಂದು ಒಯ್ಯುತ್ತೀಯಾ? ಬೇಗ ತಿಳಿಸು.

ನಿನ್ನ,
ರವಿ